ಕರುಳು ಸಡಿಲಾಯಿತು ಸರಿ, ಆದರೆ ಯಾಕೆ?

ಮಳೆಗಾಲದ ಕಕ್ಕಡ ತಿಂಗಳು ಬಂತೆಂದರೆ ಕೊಡಗಿನಲ್ಲಿ ಫಾರ್ಮಕಾಲಜಿ (ಔಷಧಶಾಸ್ತ್ರ) ಕಲಿಸುವವರಿಗೆ ಒಂದು ಪ್ರಶ್ನೆ ತಪ್ಪುವುದಿಲ್ಲ. ‘ಮೇಡಂ, ಮದ್ದುಸೊಪ್ಪಿನ ಮೇಲೆ ಏನಾದ್ರೂ ಪ್ರಯೋಗ ಮಾಡಬಹುದಲ್ವಾ?’ ಕಕ್ಕಡದ 18ನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಆ ಸೊಪ್ಪಿಗೆ 18 ಬಗೆಯ ಮದ್ದಿನ ಗುಣ ಬಂದಿರುತ್ತದೆ ಎಂಬುದು ಇಲ್ಲಿಯ ನಂಬಿಕೆ. ಸೊಪ್ಪು ಬೇಯಿಸಿದ ನೇರಳೆ ನೀರಿನಲ್ಲೇ ಪಾಯಸ ಆಗುತ್ತದೆ. ಆಮೇಲೆ ಮೂತ್ರ ಕೆಂಪಾದಾಗ ಹೊರಗಿನಿಂದ ಬಂದ ನೆಂಟರು ಗಾಬರಿಯಾಗುತ್ತಾರೆ, ಮನೆಯವರು ನಗುತ್ತಾರೆ. ಹೊಟ್ಟೆ ನುಲಿಯುವುದೆಂದರೆ ಕರುಳು ಬಿಗಿಯಾಗಿ ಕುಗ್ಗುವುದು. ಈ ಸೊಪ್ಪು ಅದನ್ನು ಸಡಿಲಿಸುತ್ತದಾ ಎಂದು ಪರೀಕ್ಷಿಸಬೇಕಾದರೆ ಏನು ಮಾಡಬೇಕು?

ವಿಧಾನವೇನೋ ಹಳೆಯದು. ದೇಹದಿಂದ ತೆಗೆದ ಕರುಳಿನ ತುಂಡು ಹೊರಗೂ ಗಂಟೆಗಟ್ಟಲೆ ಕೆಲಸ ಮಾಡುತ್ತದೆ ಎಂದು ಜರ್ಮನಿಯ ರುಡಾಲ್ಫ್ ಮ್ಯಾಗ್ನಸ್ 1904ರಲ್ಲೇ ತೋರಿಸಿದ್ದರು. ಲವಣ ಮತ್ತು ಗ್ಲೂಕೋಸ್ ಬೆರೆಸಿದ ಟೈರೋಡ್ ದ್ರಾವಣ, 37 ಡಿಗ್ರಿ ಬಿಸಿ, ಆಮ್ಲಜನಕದ ಗುಳ್ಳೆಗಳು, ಇಷ್ಟಿದ್ದರೆ ಸಾಕು. ಎರಡು ಮೂರು ಸೆಂಟಿಮೀಟರ್ ಉದ್ದದ ತುಂಡಿನ ಒಂದು ತುದಿಯನ್ನು ಪಾತ್ರೆಯ ತಳದಲ್ಲಿ ಕಟ್ಟುತ್ತಾರೆ. ಇನ್ನೊಂದು ತುದಿಯ ದಾರ ಮೇಲಿನ ಲಿವರ್‌ಗೆ ಹೋಗುತ್ತದೆ. ಕರುಳು ಕುಗ್ಗಿದರೆ ಗೆರೆ ಮೇಲೇರುತ್ತದೆ, ಸಡಿಲಾದರೆ ಇಳಿಯುತ್ತದೆ. ಹಿಂದೆ ಈ ಗೆರೆ ಮಸಿ ಹಿಡಿಸಿದ ಡ್ರಮ್ಮಿನ ಮೇಲೆ ಮೂಡುತ್ತಿತ್ತು, ಈಗ ಕಂಪ್ಯೂಟರ್ ಪರದೆಯ ಮೇಲೆ. ಎಂಬಿಬಿಎಸ್ ಮಕ್ಕಳಿಗಂತೂ ಪ್ರಾಣಿಯೇ ಬೇಡ, ಸಾಫ್ಟ್‌ವೇರ್ ಇದೆ. ಸಂಶೋಧನೆಗೆ ಪ್ರಾಣಿ ಬಳಸುವುದಾದರೆ ನೈತಿಕ ಸಮಿತಿಯ ಅನುಮತಿ ಬೇಕೇ ಬೇಕು.

ಯಾವ ಪ್ರಾಣಿ ಎಂಬುದೂ ಮುಖ್ಯ. ಮೊಲದ ಸಣ್ಣ ಕರುಳು ಯಾರೂ ಕೆಣಕದೆ ತಾನಾಗಿಯೇ ಕುಗ್ಗಿ ಹಿಗ್ಗುತ್ತಿರುತ್ತದೆ. ಅದಕ್ಕೆ ಸೊಪ್ಪಿನ ಸಾರ ಹಾಕಿದರೆ ಸಡಿಲವಾಗುವುದು ನೇರವಾಗಿ ಕಾಣುತ್ತದೆ. ಗಿನಿಪಿಗ್‌ನ ಸಣ್ಣ ಕರುಳಿನ ಕೊನೆಯ ಭಾಗ ಸಾಮಾನ್ಯವಾಗಿ ಸುಮ್ನೆ ಬಿದ್ದಿರುತ್ತದೆ. ಮೊದಲು ನಾವೇ ಅದನ್ನು ಕುಗ್ಗಿಸಬೇಕು.

ಏನು ಹಾಕಿ ಕುಗ್ಗಿಸಿದಿರಿ? ನನ್ನ ಪ್ರಕಾರ ಇಡೀ ಪ್ರಯೋಗದ ಜೀವ ಇಲ್ಲಿದೆ. ನರಗಳ ತುದಿಯಿಂದ ಬರುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಹಾಕಿದರೆ ಅದು ಸ್ನಾಯುವಿನ ಮೇಲಿರುವ ತನ್ನದೇ ರಿಸೆಪ್ಟರ್‌ಗೆ, ಅಂದರೆ ತಾನು ಕೂರುವ ಜಾಗಕ್ಕೆ, ಅಂಟಿಕೊಂಡು ಕುಗ್ಗಿಸುತ್ತದೆ. ಪೊಟ್ಯಾಶಿಯಂ ಕ್ಲೋರೈಡ್ ಜಾಸ್ತಿ ಹಾಕಿದರೆ ದಾರಿ ಬೇರೆ. ಜೀವಕೋಶದ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಒಳಬರುವ ಬಾಗಿಲುಗಳು ತೆರೆದುಕೊಳ್ಳುತ್ತವೆ. ಸೊಪ್ಪಿನ ಸಾರ ಮೊದಲನೆಯದನ್ನು ಮಾತ್ರ ತಡೆದರೆ ಅದು ಆ ರಿಸೆಪ್ಟರ್ ಮುಚ್ಚುವ ಅಟ್ರೋಪಿನ್ ಜಾತಿಯದು ಇರಬಹುದು. ಎರಡನ್ನೂ ತಡೆದರೆ, ಅದರಲ್ಲೂ ಪೊಟ್ಯಾಶಿಯಂನದನ್ನು ಚೆನ್ನಾಗಿ ತಡೆದರೆ, ಬಿಪಿಗೆ ಕೊಡುವ ವೆರಪಮಿಲ್ ಹಾಗೆ ಕ್ಯಾಲ್ಸಿಯಂ ಬಾಗಿಲು ಮುಚ್ಚುತ್ತಿದೆ ಎಂಬ ಅನುಮಾನ ಬರುತ್ತದೆ. ಆಗ ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ಕರುಳನ್ನಿಟ್ಟು, ಸ್ವಲ್ಪ ಸ್ವಲ್ಪವೇ ಕ್ಯಾಲ್ಸಿಯಂ ಸೇರಿಸಿ, ಸಾರ ಇದ್ದಾಗ ಇಲ್ಲದಾಗ ಎಷ್ಟು ಕುಗ್ಗುತ್ತದೆ ಎಂದು ಹೋಲಿಸಿ ಖಚಿತ ಮಾಡಿಕೊಳ್ಳಬೇಕು. ಬರೀ ‘ಸಡಿಲಾಯಿತು’ ಎಂದು ಬರೆದ ಥೀಸಿಸ್ ನನಗಂತೂ ಅರ್ಧ ಕೆಲಸ.

ಯಾಕೆ ಇಷ್ಟು ಹಟ ಅಂತೀರಾ? ರಸ್ತೆ ಬದಿಯ ಉಮ್ಮತ್ತಿಯನ್ನು ಈ ಪರೀಕ್ಷೆಗೆ ಕೂರಿಸಿ, ಫಸ್ಟ್ ರ‍್ಯಾಂಕ್ ಬರುತ್ತದೆ. ಅದರಲ್ಲಿ ಅಟ್ರೋಪಿನ್, ಹಯೋಸಿನ್ ಎರಡೂ ಇವೆ. ತಿಂದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಬುದ್ಧಿ ಭ್ರಮಿಸುತ್ತದೆ, ಜೀವವೂ ಹೋಗಬಹುದು. ಕರುಳಿನ ತುಂಡಿಗೆ ಇದ್ಯಾವುದೂ ಗೊತ್ತಿಲ್ಲ.

ಮೋಸ ಹೋಗುವ ದಾರಿಗಳೂ ಬೇಕಾದಷ್ಟಿವೆ. ಸಾರವನ್ನು ಆಲ್ಕೋಹಾಲಿನಲ್ಲಿ ತೆಗೆದಿದ್ದರೆ ಉಳಿದ ಆಲ್ಕೋಹಾಲೇ ಕರುಳನ್ನು ಸಡಿಲಿಸಬಹುದು. ಹಾಗಾಗಿ ಅಷ್ಟೇ ಆಲ್ಕೋಹಾಲನ್ನು ಬೇರೆಯಾಗಿ ಹಾಕಿ ನೋಡಬೇಕು. ಸೊಪ್ಪಿನ ಟ್ಯಾನಿನ್ (ಒಗರಿನ ಅಂಶ) ಕಂಡ ಕಂಡ ಪ್ರೋಟೀನ್‌ಗೆಲ್ಲ ಅಂಟುತ್ತದೆ, ಸಾರ ಹುಳಿಯಾಗಿದ್ದರೆ ಸ್ನಾಯುವಿನ ಶಕ್ತಿಯೇ ತಗ್ಗುತ್ತದೆ. ಎಲೆಯಲ್ಲಿ ಪೊಟ್ಯಾಶಿಯಂ ಬೇರೆ ಧಾರಾಳ. ಅದೇ ಸಾರವನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ ಹಾಕಿದರೆ ಲವಣದ ಪಾಲೆಷ್ಟು ಎಂದು ತಿಳಿಯುತ್ತದೆ. ಕೊನೆಗೆ ಹೊಸ ದ್ರಾವಣದಿಂದ ಚೆನ್ನಾಗಿ ತೊಳೆದು ಮತ್ತೆ ಅಸಿಟೈಲ್‌ಕೋಲಿನ್ ಹಾಕಿ. ಕರುಳು ಮೊದಲಿನಂತೆ ಕುಗ್ಗಬೇಕು. ಕುಗ್ಗದಿದ್ದರೆ ನೀವು ಅದನ್ನು ಸಡಿಲಿಸಿದ್ದಲ್ಲ, ಸಾಯಿಸಿರಬಹುದು.

ಕಕ್ಕಡದ ನಂಬಿಕೆಯನ್ನೂ ಹೀಗೆಯೇ ಪರೀಕ್ಷಿಸಬಹುದು. ಒಂದೇ ಜಾಗದ ಗಿಡಗಳಿಂದ ಜೂನ್, ಆಗಸ್ಟ್, ಅಕ್ಟೋಬರಿನಲ್ಲಿ ಸೊಪ್ಪು ಕಿತ್ತು, ಒಂದೇ ರೀತಿ ಒಣಗಿಸಿ, ಬಾಟಲಿಗಳಿಗೆ ಬರೀ ನಂಬರ್ ಹಾಕಿ. ಸಾರದ ಬಣ್ಣ ಗುಟ್ಟು ಬಿಟ್ಟುಕೊಡಬಹುದು, ಅದಕ್ಕೆ ಸಾರ ಹಾಕುವವರೇ ಗ್ರಾಫ್ ಓದಬಾರದು.

ಇಷ್ಟೆಲ್ಲ ದಾಟಿದ ಮೇಲೆ ಪ್ರಮಾಣದ ಲೆಕ್ಕ. ಪಾತ್ರೆಯಲ್ಲಿ ಮಿಲಿಲೀಟರಿಗೆ 3 ಮಿಲಿಗ್ರಾಂ ಸಾರ ಕೆಲಸ ಮಾಡಿತು ಎಂದುಕೊಳ್ಳಿ. ದೊಡ್ಡವರಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರಲ್ಲಿ ಅಷ್ಟೇ ಸಾಂದ್ರತೆ ಬರಬೇಕಾದರೆ 15 ಗ್ರಾಂ ಒಣ ಸಾರ ಪೂರ್ತಿ ರಕ್ತಕ್ಕೆ ಸೇರಬೇಕು. ಆಗುವ ಮಾತಲ್ಲ. ಆದರೆ ಕರುಳಿನ ಮದ್ದಿಗೆ ಒಂದು ಅಡ್ಡದಾರಿ ಇದೆ, ರಕ್ತಕ್ಕೆ ಹೋಗದೆ ಒಳಗಿನಿಂದಲೇ ಗೋಡೆಗೆ ತಾಗಬಹುದು. ಪೆಪ್ಪರ್‌ಮಿಂಟ್ ಎಣ್ಣೆ ಗೆದ್ದದ್ದು ಹೀಗೆ. ಅದರ ಮೆಂಥಾಲ್ ಕ್ಯಾಲ್ಸಿಯಂ ಬಾಗಿಲನ್ನು ತಡೆಯುತ್ತದೆ ಎಂದು ಕರುಳಿನ ತುಂಡುಗಳಲ್ಲಿ ಕಂಡಿತ್ತು. ಐಬಿಎಸ್ (ಪದೇ ಪದೇ ಹೊಟ್ಟೆನೋವು, ಮಲದ ಏರುಪೇರು ತರುವ ಕರುಳಿನ ತೊಂದರೆ) ಇರುವವರಿಗೆ ಕೊಟ್ಟು ನೋಡಿದ ಪರೀಕ್ಷೆಗಳಲ್ಲೂ ನೋವು ಕಡಿಮೆಯಾಯಿತು. ಆ ಕ್ಯಾಪ್ಸೂಲಿಗೆ ಹೊಟ್ಟೆಯ ಆಸಿಡ್‌ನಲ್ಲಿ ಕರಗದ ಲೇಪನ ಇರುತ್ತದೆ. ಇಲ್ಲದಿದ್ದರೆ ಎಣ್ಣೆ ಜಠರದಲ್ಲೇ ಬಿಡುಗಡೆಯಾಗಿ, ಅನ್ನನಾಳದ ಕೆಳಗಿನ ಬಿಗಿಯನ್ನೂ ಸಡಿಲಿಸಿ, ಎದೆಯುರಿ ತರುತ್ತದೆ.