ಒಂದೇ ಜಾಗ, ಒಂದೇ ಫ್ರೇಮು, ವರ್ಷಪೂರ್ತಿ

ಉತ್ತರ ಕನ್ನಡದ ಫೋಟೋ ಬೇಕು ಅಂದ್ರೆ ಜುಲೈನಲ್ಲೇ ಬರಬೇಕು ಅಂತ ಬಹಳ ಜನ ನಂಬಿದ್ದಾರೆ. ಹಸಿರು, ಮಂಜು, ಜಲಪಾತ. ಚೆಂದವೇ, ಆದರೆ ಆ ಫೋಟೋಗಳಲ್ಲಿ ಶಿರಸಿ ಯಾವುದು, ಆಗುಂಬೆ ಯಾವುದು ಅಂತ ಹೇಳುವುದೇ ಕಷ್ಟ. ಹತ್ತು ಊರು ಸುತ್ತುವ ಬದಲು ಮನೆ ಹತ್ತಿರದ ಒಂದು ಜಾಗ ಹಿಡಿಯಿರಿ, ವರ್ಷಪೂರ್ತಿ ಅಲ್ಲಿಗೇ ಹೋಗಿ. ಕಲಿಯಲು ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಶಿರಸಿಯವರಿಗೆ ಸಹಸ್ರಲಿಂಗ ಇದೆ, ಶಾಲ್ಮಲಾ ನದಿಯ ಬಂಡೆಗಳ ಮೇಲೆ ಲಿಂಗಗಳನ್ನು ಕೆತ್ತಿದ ಜಾಗ. ಮಳೆಗಾಲದಲ್ಲಿ ಶಾಲ್ಮಲೆ ತುಂಬಿ ಹರಿಯುವಾಗ ಲಿಂಗಗಳು ನೀರಿನಡಿ ಇರುತ್ತವೆ, ಆಗ ಬಂಡೆಗೆ ಇಳಿಯಲೇಬೇಡಿ, ತೂಗುಸೇತುವೆಯಿಂದ ತೆಗೆಯಿರಿ. ಮಳೆ ನಿಂತ ಮೇಲೆ ನೀರು ಇಳಿಯುತ್ತಾ ಹೋದಂತೆ ಒಂದೊಂದೇ ಲಿಂಗ, ನಂದಿ ಹೊರಗೆ ಕಾಣುತ್ತವೆ. ಎಲ್ಲಿ ನಿಂತಿರಿ, ಲೆನ್ಸ್ ಎಷ್ಟು ಮಿಲಿಮೀಟರ್‌ನಲ್ಲಿತ್ತು, ಟ್ರೈಪಾಡ್ ಎಷ್ಟು ಎತ್ತರ, ಇಷ್ಟನ್ನು ಬರೆದಿಟ್ಟುಕೊಂಡರೆ ಮುಂದಿನ ತಿಂಗಳು ಅದೇ ಫ್ರೇಮು ಸಿಗುತ್ತದೆ.

ಮಳೆಗಾಲದ ಹಸಿರಿಗೆ ಪೋಲರೈಸರ್, ಅಂದ್ರೆ ಲೆನ್ಸಿನ ಮುಂದೆ ಹಾಕುವ, ಹೊಳಪು ಕಡಿಮೆ ಮಾಡುವ ಫಿಲ್ಟರ್, ಬೇಕೇ ಬೇಕು. ಒದ್ದೆ ಎಲೆ ಮೋಡದ ಬಿಳುಪನ್ನು ಕನ್ನಡಿಯಂತೆ ತೋರಿಸುತ್ತದೆ, ಫಿಲ್ಟರ್ ತಿರುಗಿಸಿದರೆ ಆ ಹೊಳಪು ಹೋಗಿ ನಿಜವಾದ ಬಣ್ಣ ಬರುತ್ತದೆ. ಬಿಳಿ ಆಕಾಶವನ್ನು ಫ್ರೇಮಿನಿಂದ ಬಿಟ್ಟುಬಿಡಿ. ಉಂಚಳ್ಳಿ ಜಲಪಾತಕ್ಕೆ ಜೋರು ಮಳೆಯಲ್ಲಿ ಹೋದರೆ ಎಷ್ಟೋ ಸಲ ಬರೀ ಮಂಜು ನೋಡಿ ವಾಪಸ್ ಬರಬೇಕಾಗುತ್ತದೆ. ನನ್ನ ಪ್ರಕಾರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು. ಮನೆಗೆ ಬಂದ ಮೇಲೆ ಕ್ಯಾಮೆರಾ ಒರೆಸಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ನಮ್ಮ ಥಂಡಿಗೆ ಲೆನ್ಸಿನೊಳಗೆ ಫಂಗಸ್ ಬರಲು ಜಾಸ್ತಿ ದಿನ ಬೇಕಿಲ್ಲ.

ಕರಾವಳಿಯಲ್ಲಿ ಗಮನಿಸಬೇಕಾದದ್ದು ಸೂರ್ಯನ ಜಾಗ. ಕಾರವಾರದಲ್ಲಿ ಜೂನ್‌ನಲ್ಲಿ ಸೂರ್ಯ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ ಮುಳುಗುತ್ತಾನೆ. ಅಂದ್ರೆ ನೀವು ನಿಂತ ಜಾಗ ಅದೇ ಇದ್ದರೂ ಸೂರ್ಯಾಸ್ತದ ಮುಂದೆ ಬರುವ ಗುಡ್ಡ, ದ್ವೀಪ ಬೇರೆಯಾಗುತ್ತವೆ. ಏಪ್ರಿಲ್ ಕೊನೆಗೆ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ, ಆಗ ಕ್ಯಾಮೆರಾ ಚೀಲದಲ್ಲೇ ಇರಲಿ. ಡಿಸೆಂಬರ್ ಮಧ್ಯಾಹ್ನದ ಬೆಳಕು ಓರೆಯಾಗಿ ಬೀಳುವುದರಿಂದ ಗುಡ್ಡದ ಮಡಿಕೆಗಳು ಚೆನ್ನಾಗಿ ಕಾಣುತ್ತವೆ.

ಇಷ್ಟೆಲ್ಲ ಇದ್ದರೂ ನನಗೆ ತುಂಬಾ ಇಷ್ಟವಾದದ್ದು ಕುಮಟಾ ಕಡೆಯ ಗಜನಿ ಭೂಮಿ, ಅಂದ್ರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು. ಅಘನಾಶಿನಿ ಹಿನ್ನೀರಿನ ಮಾಣಿಕಟ್ಟಾದಂಥ ಜಾಗದಲ್ಲಿ ಮಳೆಗಾಲದಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ನಿಂತಿರುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಜುಲೈನ ಹಸಿರು ಗದ್ದೆ ಜನವರಿಯಲ್ಲಿ ಆಕಾಶ ಹೊತ್ತ ನೀರು! ಋತು ಬದಲಾಗುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ನಮ್ಮಲ್ಲಿ ಕಡಿಮೆ, ಆದರೂ ಫೋಟೋ ತೆಗೆಯುವವರು ಗೋಕರ್ಣದ ಬೀಚಿಗೆ ಹೋಗುವ ಆತುರದಲ್ಲಿ ಇದನ್ನು ದಾಟಿ ಹೋಗುತ್ತಾರೆ ಅಲ್ವಾ? ಗಾಳಿ ಏಳುವ ಮೊದಲೇ, ಬೆಳಿಗ್ಗೆ ಬೇಗ ಹೋಗಿ. ಉಬ್ಬರ ಇಳಿತದ ಸಮಯ ಮುಂಚೆಯೇ ನೋಡಿಕೊಳ್ಳಿ, ಬದುವಿನ ಮೇಲೆ ಟ್ರೈಪಾಡ್ ಇಡುವ ಮೊದಲು ಗದ್ದೆಯವರನ್ನು ಒಂದು ಮಾತು ಕೇಳಿ. ನೀರು ಯಾವತ್ತು ಬಿಡುತ್ತಾರೆ ಅನ್ನುವುದನ್ನೂ ಅವರೇ ಹೇಳುತ್ತಾರೆ.