ಪದ ಪರಿಚಯ: ಸಂಕಟದ ನುಡಿಗಟ್ಟು

ಬೇರೆ ಬೇರೆ ಸಂಸ್ಕೃತಿಯ ಜನರಿಗೆ ಆಪ್ತಸಮಾಲೋಚನೆ ಮಾಡುವುದು ಹೇಗೆ ಎಂದು ಕಲಿಸುವ ಕಡೆಗಳಲ್ಲೆಲ್ಲ ಇಂದು ‘ಇಡಿಯಮ್ಸ್ ಆಫ್ ಡಿಸ್ಟ್ರೆಸ್’ ಎಂಬ ಮಾತು ಬರುತ್ತದೆ. ಕನ್ನಡದಲ್ಲಿ ಇದನ್ನು ಸಂಕಟದ ನುಡಿಗಟ್ಟು ಎನ್ನೋಣ. ಈ ಪರಿಕಲ್ಪನೆಗೆ ನೆಲೆ ಸಿಕ್ಕಿದ್ದು ನಮ್ಮ ದಕ್ಷಿಣ ಕನ್ನಡದಲ್ಲಿ. ಅಮೆರಿಕದ ವೈದ್ಯಕೀಯ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಅಲ್ಲಿನ ಹವ್ಯಕ ಹೆಂಗಸರ ಬದುಕನ್ನು ಹತ್ತಿರದಿಂದ ನೋಡಿ 1981ರಲ್ಲಿ ಬರೆದ ಲೇಖನವೇ ಇದರ ಮೂಲ.

ನಿಕ್ಟರ್ ಕಂಡದ್ದು ಇಷ್ಟು. ಮದುವೆಯಾಗಿ ಬಂದ ಹೆಣ್ಣುಮಗಳಿಗೆ ಆಸರೆಯಾಗುವ ಜನ ಕಡಿಮೆ. ಮನೆಯ ಹೊರಗೆ ಹೋಗಿ ಯಾರ ಬಳಿಯಾದರೂ ಮನಸ್ಸು ಬಿಚ್ಚುವ, ಸಲಹೆ ಕೇಳುವ ಅವಕಾಶವೂ ಅಷ್ಟಕ್ಕಷ್ಟೆ. ಹಾಗೆಂದು ಸಂಕಟ ಸುಮ್ಮನೆ ಒಳಗೇ ಉಳಿಯುವುದಿಲ್ಲ. ಅದು ಮೈನೋವಾಗಿ ಬರುತ್ತದೆ, ಊಟ ಸೇರದೆ ಸೊರಗುವುದಾಗಿ ಬರುತ್ತದೆ, ಉಪವಾಸ ವ್ರತಗಳು ಹೆಚ್ಚಾಗುವುದರಲ್ಲಿ, ಮಡಿ ಅತಿಯಾಗುವುದರಲ್ಲಿ ತೋರುತ್ತದೆ. ಇವೆಲ್ಲ ಆ ಮನೆಯಲ್ಲಿ ಗೌರವವಿರುವ, ಯಾರೂ ತಪ್ಪು ಹಿಡಿಯಲಾಗದ ದಾರಿಗಳು. ಇವು ಯಾವುವೂ ಯಾರ ಕಿವಿಗೂ ಬೀಳದೆ ಹೋದಾಗ, ರೂಢಿಯಲ್ಲಿ ಅಷ್ಟಾಗಿ ಇಲ್ಲದ ದಾರಿಗಳೂ ತೆರೆದುಕೊಳ್ಳುತ್ತವೆ; ಮೈಮೇಲೆ ಬರುವುದು ಅಂಥದ್ದೊಂದು. ನಿಕ್ಟರ್ ಇದನ್ನು ಕಾಯಿಲೆ ಎಂದೂ ಕರೆಯಲಿಲ್ಲ, ನಟನೆ ಎಂದೂ ತಳ್ಳಿಹಾಕಲಿಲ್ಲ. ತನ್ನವರಿಗೆ ಅರ್ಥವಾಗುವ ರೀತಿಯಲ್ಲಿ ಆಕೆ ಕಷ್ಟವನ್ನು ಹೇಳುತ್ತಿದ್ದಾಳೆ ಎಂದರು. ಮನೋವೈದ್ಯರು ಪರೀಕ್ಷಿಸುವಾಗ ಆ ಹೇಳಿಕೆಯನ್ನೂ ಓದಬೇಕು ಎಂಬುದು ಅವರ ವಾದ.

ಸಂಕಟದ ನುಡಿಗಟ್ಟು ಎಂದರೆ, ಒಂದು ಸಮುದಾಯದವರು ತಮ್ಮ ನೋವನ್ನು ತಮ್ಮವರಿಗೆ ತಿಳಿಸಲು ಬಳಸುವ, ಎಲ್ಲರಿಗೂ ಪರಿಚಯವಿರುವ ರೀತಿ. ಅದು ಮಾತಾಗಿರಬಹುದು, ಮೈಯ ತೊಂದರೆಯಾಗಿರಬಹುದು, ನಡವಳಿಕೆಯೂ ಆಗಿರಬಹುದು. ಕರಾವಳಿಯವರ ‘ಮಂಡೆಬಿಸಿ’, ಮೈಸೂರು ಕಡೆಯ ‘ತಲೆಬಿಸಿ’, ಧಾರವಾಡದ ಕಡೆಯವರು ‘ಭಾಳ ತ್ರಾಸ ಆಗೇತ್ರೀ’ ಎನ್ನುವುದು, ಎಲ್ಲ ಕಡೆಯೂ ಕೇಳುವ ‘ಎದೆ ಭಾರ’, ‘ಕೈಕಾಲಲ್ಲಿ ಶಕ್ತಿನೇ ಇಲ್ಲ’, ‘ಬರೀ ಟೆನ್ಶನ್’ ಎಲ್ಲವೂ ಇದರೊಳಗೆ ಬರುತ್ತವೆ.

ಇಲ್ಲಿ ಒಂದು ಮುಖ್ಯ ವಿಷಯ ಕೈತಪ್ಪಬಾರದು. ನುಡಿಗಟ್ಟು ರೋಗದ ಹೆಸರಲ್ಲ. ‘ಮಂಡೆಬಿಸಿ’ ಎಂದವರಿಗೆ ಖಿನ್ನತೆ ಇರಬಹುದು, ಸಾಲದ ಚಿಂತೆ ಮಾತ್ರ ಇರಬಹುದು, ಮಗಳ ಮದುವೆಯ ಓಡಾಟದ ದಣಿವೂ ಇರಬಹುದು. ಮಾತು ಕಿವಿಗೆ ಬಿದ್ದ ಕೂಡಲೇ ‘ಹಾಗಾದರೆ ಇದು ಆಂಗ್ಸೈಟಿ’ ಎಂದು ಬರೆದುಕೊಳ್ಳುವ ಸಮಾಲೋಚಕರು ಎದುರಿಗಿದ್ದವರ ಮಾತನ್ನು ಅರ್ಧಕ್ಕೇ ನಿಲ್ಲಿಸಿದಂತೆ. ಯಾವಾಗಿನಿಂದ ಹೀಗೆ, ಮನೆಯಲ್ಲಿ ಯಾರಿಗೆ ಹೇಳಿದಿರಿ, ಹೇಳಿದಾಗ ಅವರು ಏನೆಂದರು ಎಂದು ಕೇಳುತ್ತಾ ಹೋದರೆ ಆ ಮಾತಿನ ಹಿಂದಿನ ಕಥೆ ತಾನಾಗಿ ಬರುತ್ತದೆ. ನನ್ನ ಮಟ್ಟಿಗೆ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ನುಡಿಗಟ್ಟು ಇರುವುದೇ ಯಾರಾದರೂ ಕೇಳಲಿ ಎಂದು. ಯಾರು ಕೇಳಲಿಲ್ಲ ಎಂಬುದು ತಿಳಿದರೆ ಸಂಕಟದ ಬೇರು ಸಿಗುತ್ತದೆ.

ಪಕ್ಕದ ಗೋವಾದಿಂದ ಒಂದು ಉದಾಹರಣೆ. ಬಿಳಿ ಸೆರಗು ಹೋಗುತ್ತದೆ, ಸುಸ್ತು, ಸೊಂಟನೋವು ಎಂದು ಆಸ್ಪತ್ರೆಗೆ ಬರುವ ಹೆಂಗಸರು ದಕ್ಷಿಣ ಏಷ್ಯಾದಲ್ಲಿ ಬಹಳ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದ ಹೆಂಗಸರಲ್ಲಿ ಅಧ್ಯಯನ ಮಾಡಿದಾಗ, ಈ ದೂರಿಗೆ ಸೋಂಕಿಗಿಂತ ಮಾನಸಿಕ, ಸಾಮಾಜಿಕ ಕಷ್ಟಗಳ ಜೊತೆ ಹೆಚ್ಚು ನಂಟು ಕಂಡುಬಂತು. ಸೋಂಕಿನ ಮಾತ್ರೆಯಷ್ಟನ್ನೇ ಕೊಟ್ಟು ಕಳಿಸಿದರೆ ಇಂಥ ಹೆಂಗಸರಲ್ಲಿ ಅನೇಕರ ನಿಜವಾದ ಕಷ್ಟ ಹಾಗೇ ಉಳಿದುಬಿಡುತ್ತದೆ. ಹಾಗೆಂದು ಪರೀಕ್ಷೆಯೇ ಬೇಡ ಎಂದಲ್ಲ. ಮೈಯ ತೊಂದರೆ ಹೇಳಿದವರ ಮೈಯನ್ನು ಮೊದಲು ಸರಿಯಾಗಿ ನೋಡಲೇಬೇಕು. ರಕ್ತಹೀನತೆಯಿಂದಲೂ ಸುಸ್ತಾಗುತ್ತದೆ, ಥೈರಾಯ್ಡ್ ತೊಂದರೆಯಿಂದಲೂ ಮನಸ್ಸು ಕುಗ್ಗುತ್ತದೆ, ಎದೆನೋವು ನಿಜವಾಗಿಯೂ ಹೃದಯದ್ದೇ ಆಗಿರಬಹುದು. ‘ಎಲ್ಲ ಮನಸ್ಸಿನದೇ’ ಎಂದು ಅವಸರದಲ್ಲಿ ಹೇಳಿ ಜೀವಕ್ಕೆ ಕುತ್ತು ತರುವುದು ಸಂಸ್ಕೃತಿಯನ್ನು ಅರಿತ ಲಕ್ಷಣವಲ್ಲ.

ಈ ಪರಿಕಲ್ಪನೆಯನ್ನು ಇಟ್ಟುಕೊಂಡು ಚಿಕಿತ್ಸೆಯನ್ನೇ ಕಟ್ಟಿದ ಜಾಗ ಜಿಂಬಾಬ್ವೆ. ಅಲ್ಲಿನ ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸಾ’ ಎಂದರೆ ಅತಿಯಾಗಿ ಯೋಚಿಸುವುದು. ಕಷ್ಟದಲ್ಲಿರುವವರು ‘ನನಗೆ ಖಿನ್ನತೆ’ ಎನ್ನುವುದಿಲ್ಲ, ‘ಕುಫುಂಗಿಸಿಸಾ’ ಎನ್ನುತ್ತಾರೆ. ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಹರಾರೆಯ ಎಂಬಾರೆ ಎಂಬಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಆವರಣದಲ್ಲಿ ಒಂದು ಬೆಂಚು ಹಾಕಿಸಿದರು. ಮೊದಲು ಅದಕ್ಕೆ ‘ಮಾನಸಿಕ ಆರೋಗ್ಯದ ಬೆಂಚು’ ಎಂಬ ಹೆಸರಿತ್ತು, ಜನ ಬರಲು ಹಿಂಜರಿದರು. ಅಜ್ಜಿಯರ ಸಲಹೆಯಂತೆ ಅದು ‘ಗೆಳೆತನದ ಬೆಂಚು’ ಆಯಿತು. ಅಲ್ಲಿ ಅಜ್ಜಿಯರು ರೋಗದ ಹೆಸರು ಹೇಳುವುದಿಲ್ಲ. ಬಂದವರ ಮನಸ್ಸು ತೆರೆಸುತ್ತಾರೆ, ಇರುವ ಕಷ್ಟಗಳಲ್ಲಿ ಒಂದನ್ನು ಆರಿಸಿಕೊಂಡು ಏನು ಮಾಡಬಹುದೆಂದು ಜೊತೆಗೂಡಿ ಯೋಚಿಸುತ್ತಾರೆ, ಧೈರ್ಯ ತುಂಬುತ್ತಾರೆ. ಇದು ‘ಸಮಸ್ಯೆ ಬಿಡಿಸುವ ಚಿಕಿತ್ಸೆ’ ಎಂಬ ಒರೆಗೆ ಹಚ್ಚಿದ ವಿಧಾನವೇ. ಮಾತು ಮಾತ್ರ ಊರಿನದು. ಹರಾರೆಯ 24 ಆರೋಗ್ಯ ಕೇಂದ್ರಗಳಲ್ಲಿ 573 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಬೆಂಚಿನಲ್ಲಿ ಕುಳಿತು ಮಾತಾಡಿದವರಲ್ಲಿ ಆರು ತಿಂಗಳ ನಂತರ ಖಿನ್ನತೆ, ಆತಂಕದ ಲಕ್ಷಣಗಳು ಉಳಿದವರಿಗಿಂತ ಕಡಿಮೆಯಿದ್ದವು. ಜನರ ನುಡಿಗಟ್ಟನ್ನು ಗೌರವಿಸುವುದೆಂದರೆ ವಿಜ್ಞಾನವನ್ನು ಬಿಟ್ಟುಕೊಡುವುದು ಎಂದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ರೋಗನಿರ್ಣಯದ ಕೈಪಿಡಿ, ಅಂದರೆ ಡಿಎಸ್‌ಎಂ-5, ಕುಫುಂಗಿಸಿಸಾಕ್ಕೂ ನಮ್ಮ ಕಡೆಯ ‘ಧಾತು’, ಅಂದರೆ ವೀರ್ಯ, ಹೋಗುವ ದೂರಿಗೂ ಜಾಗ ಕೊಟ್ಟಿದೆ. ಜೊತೆಗೆ 16 ಪ್ರಶ್ನೆಗಳ ಒಂದು ಸಂದರ್ಶನವನ್ನೂ ಸೇರಿಸಿದೆ. ನಿಮ್ಮ ತೊಂದರೆಯನ್ನು ಮನೆಯವರಿಗೆ, ಸ್ನೇಹಿತರಿಗೆ ಹೇಗೆ ಹೇಳುತ್ತೀರಿ, ಇದು ನಿಮಗೆ ಯಾಕೆ ಬಂತು ಎಂದು ನಿಮಗನಿಸುತ್ತದೆ, ಇದರಲ್ಲಿ ಹೆಚ್ಚು ಕಾಡುವುದು ಯಾವುದು ಎಂಬಂಥ ಪ್ರಶ್ನೆಗಳಿವೆ. ಇದನ್ನು ಪರೀಕ್ಷಿಸಿ ನೋಡಿದ ಆರು ದೇಶಗಳಲ್ಲಿ ಭಾರತವೂ ಒಂದು.

ಇಂಥ ಪಟ್ಟಿಗಳಿಂದ ಒಂದು ಅಪಾಯವೂ ಇದೆ. ‘ಭಾರತೀಯರು ಮನಸ್ಸಿನ ನೋವನ್ನು ಮೈನೋವಾಗಿಯೇ ಹೇಳುತ್ತಾರೆ’ ಎಂದು ಬಾಯಿಪಾಠ ಮಾಡಿಕೊಂಡ ಸಮಾಲೋಚಕರು ಎದುರಿಗಿರುವ ವ್ಯಕ್ತಿಯನ್ನು ಬಿಟ್ಟು ಆ ಪಾಠವನ್ನೇ ನೋಡುತ್ತಾರೆ. ಹವ್ಯಕ ಹೆಂಗಸರೆಲ್ಲ ಹೀಗೆ ಎಂದು ನಿಕ್ಟರ್ ಹೇಳಿರಲಿಲ್ಲ. ಒಬ್ಬೊಬ್ಬರ ಕೈಗೆಟಕುವ ದಾರಿಗಳು ಯಾವುವು, ಅವುಗಳಲ್ಲಿ ಈಕೆ ಇದನ್ನೇ ಯಾಕೆ ಹಿಡಿದಳು ಎಂದು ಕೇಳಿದ್ದರು. ಒಂದೇ ಮನೆಯ ಅತ್ತೆ ‘ಗಾಳಿ ಸೋಕಿದೆ’ ಎನ್ನಬಹುದು, ಸೊಸೆ ‘ನಿದ್ದೆಯೇ ಬರಲ್ಲ’ ಎನ್ನಬಹುದು. ಅದಕ್ಕೇ ಭಾಷೆ ಬಾರದ ಕಡೆ ಮನೆಯವರನ್ನೇ ದುಭಾಷಿಯಾಗಿ ಕೂರಿಸಿಕೊಳ್ಳುವುದು ಒಳ್ಳೆಯದಲ್ಲ. ಗಂಡನೋ ಅತ್ತೆಯೋ ಪಕ್ಕದಲ್ಲಿ ಕುಳಿತು ಭಾಷಾಂತರಿಸಿದರೆ ಸಮಾಲೋಚಕರಿಗೆ ತಲುಪುವುದು ಅವರ ಮಾತು.

ನುಡಿಗಟ್ಟು ಹಳ್ಳಿಯವರದು, ಓದದವರದು ಎಂಬ ಭಾವನೆಯೂ ತಪ್ಪು. ಬೆಂಗಳೂರಿನ ಕಚೇರಿಯಿಂದ ಬಂದು ‘ಬರ್ನ್‌ಔಟ್ ಆಗಿದೆ’ ಎನ್ನುವ ಹುಡುಗನೂ ತನ್ನ ಓರಗೆಯವರಿಗೆ ಅರ್ಥವಾಗುವ ಮಾತನ್ನೇ ಆರಿಸಿಕೊಂಡಿದ್ದಾನೆ. ಇಂಗ್ಲಿಷ್ ಪದ ಬಂತೆಂದು ಅಲ್ಲಿಗೇ ನಿಲ್ಲಿಸಿದರೆ ಅವನ ಕಥೆಯೂ ಉಳಿದುಬಿಡುತ್ತದೆ. ಈ ವಿಷಯ ಊರಲ್ಲಿ ಅಮ್ಮನಿಗೆ ಹೇಳುವುದಾದರೆ ಏನೆಂದು ಹೇಳುತ್ತೀಯ ಎಂದು ಅವನನ್ನೂ ಕೇಳಬೇಕು.