ಮೂವತ್ತು ದಿನದ ಸಿಪಾಯಿಗಳು: ಲಿಂಕನ್ ನಾಯಕನಾಗಿದ್ದ ತುಕಡಿ

1832ರ ಏಪ್ರಿಲ್ 21ರಂದು ಅಮೆರಿಕದ ಇಲಿನಾಯ್ ರಾಜ್ಯದ ನ್ಯೂ ಸೇಲಂ ಸುತ್ತಮುತ್ತಲ ರೈತಾಪಿ ಯುವಕರು ಸಾಕ್ ಎಂಬ ಮೂಲನಿವಾಸಿ ಬುಡಕಟ್ಟಿನ ವಿರುದ್ಧ ಹೊರಡಲು ಒಂದೆಡೆ ಸೇರಿ ತಮ್ಮ ಕ್ಯಾಪ್ಟನ್‌ನನ್ನು ತಾವೇ ಆರಿಸಿಕೊಂಡರು. ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ. ಉಮೇದುವಾರರಿಬ್ಬರು ಬಯಲಲ್ಲಿ ನಿಂತರು, ಯಾರು ಬೇಕೋ ಅವರ ಬೆನ್ನಹಿಂದೆ ಜನ ಸಾಲುಗಟ್ಟಿದರು. ವಿಲಿಯಂ ಕರ್ಕ್‌ಪ್ಯಾಟ್ರಿಕ್‌ನ ಸಾಲಿಗಿಂತ 23 ವರ್ಷದ ಅಬ್ರಹಾಂ ಲಿಂಕನ್‌ನ ಸಾಲು ಉದ್ದವಾಯಿತು. ಸುಮಾರು 70 ಜನರ ಆ ತುಕಡಿ ಬಾಳಿದ್ದು ಐದು ವಾರ, ಮೇಲೊಂದು ದಿನ.

ಜಗಳದ ಬೇರು 1804ರಲ್ಲಿದೆ. ಸೇಂಟ್ ಲೂಯಿಸ್‌ಗೆ ಹೋಗಿದ್ದ ಸಾಕ್ ಬುಡಕಟ್ಟಿನ ಕೆಲವರಿಂದ ಅಮೆರಿಕ ಸರ್ಕಾರದ ಪರವಾಗಿ ವಿಲಿಯಂ ಹೆನ್ರಿ ಹ್ಯಾರಿಸನ್ ಒಪ್ಪಂದವೊಂದಕ್ಕೆ ಗುರುತು ಹಾಕಿಸಿಕೊಂಡ. ನೆಲ ಮಾರುವ ಅಧಿಕಾರವನ್ನು ಬುಡಕಟ್ಟು ಅವರಿಗೆ ಕೊಟ್ಟಿರಲೇ ಇಲ್ಲ. ಕೋಟಿಗಟ್ಟಲೆ ಎಕರೆಗೆ ಸಿಕ್ಕ ಬೆಲೆ 2,234 ಡಾಲರ್ 50 ಸೆಂಟ್‌ಗಳ ಸಾಮಾನು ಮತ್ತು ವರ್ಷಕ್ಕೆ 1,000 ಡಾಲರ್. ಸರ್ಕಾರ ಆ ನೆಲವನ್ನು ಮಾರುವವರೆಗೆ ಅಲ್ಲೇ ಇರಬಹುದೆಂಬ ಮಾತೂ ಪತ್ರದಲ್ಲಿತ್ತು. 1831ರಲ್ಲಿ ರಾಕ್ ನದಿಯ ದಡದ ಅವರ ಊರು ಸಾಕೆನುಕ್ ಅನ್ನು ಸೈನ್ಯ ಬಲವಂತವಾಗಿ ತೆರವು ಮಾಡಿಸಿತು. ಮರುವರ್ಷ ಏಪ್ರಿಲ್ ಮೊದಲ ವಾರದಲ್ಲಿ ಸಾಕ್ ಮುಖಂಡ ಬ್ಲ್ಯಾಕ್ ಹಾಕ್ ಸಾವಿರಕ್ಕೂ ಹೆಚ್ಚು ಜನರೊಂದಿಗೆ ಮಿಸಿಸಿಪ್ಪಿ ದಾಟಿ ಮರಳಿ ಬಂದ. ಅವರಲ್ಲಿ ಹೆಂಗಸರು, ಮಕ್ಕಳು, ಮುದುಕರೂ ಇದ್ದರು. ಜೋಳ ಬಿತ್ತುವ ಕಾಲ ಅದು. ಕುಟುಂಬ ಸಮೇತ ಹೊರಟವರನ್ನು ದಂಡೆತ್ತಿ ಬಂದವರೆಂದು ಕರೆದದ್ದು ಅನ್ಯಾಯ. ಏಪ್ರಿಲ್ 16ರಂದು ಗವರ್ನರ್ ಜಾನ್ ರೆನಾಲ್ಡ್ಸ್ ಸ್ವಯಂಸೇವಕರಿಗೆ ಕರೆ ಕೊಟ್ಟ.

ಲಿಂಕನ್ ಬೇರ್ಡ್ಸ್‌ಟೌನ್‌ನಲ್ಲಿ ತನ್ನವರಿಗಾಗಿ 30 ಮಸ್ಕೆಟ್‌ಗಳನ್ನು (ಸೈನ್ಯದ ಉದ್ದ ಬಂದೂಕು) ತುದಿಗೆ ಸಿಕ್ಕಿಸುವ ಬಯೋನೆಟ್ ಕತ್ತಿ ಸಮೇತ ಪಡೆದ. ಉಳಿದವರ ಕೈಯಲ್ಲಿದ್ದದ್ದು ಮನೆಯ ಬೇಟೆ ಬಂದೂಕು. ತೊಡಕು ಶುರುವಾಗುವುದೇ ಇಲ್ಲಿ. ಮಸ್ಕೆಟ್‌ಗೆ ಮದ್ದು, ಗುಂಡು ಒಂದೇ ಕಾಗದದ ಸುರುಳಿಯಲ್ಲಿರುತ್ತವೆ: ಹಲ್ಲಿನಿಂದ ಹರಿದು, ಚಿಟಿಕೆ ಮದ್ದನ್ನು ಚಕಮಕಿಯ ಪಕ್ಕದ ಪುಟ್ಟ ಬಟ್ಟಲಿಗೆ ಹಾಕಿ, ಉಳಿದದ್ದನ್ನು ನಳಿಕೆಗೆ ಸುರಿದು ಉದ್ದನೆ ಕಡ್ಡಿಯಿಂದ ಜಡಿದರಾಯಿತು. ಬೇಟೆ ಬಂದೂಕಿಗೆ ಆ ಸುರುಳಿ ಹೊಂದದು. ಒಂದೊಂದರ ನಳಿಕೆ ಒಂದೊಂದು ಅಳತೆ, ಅವರವರ ಅಚ್ಚಿನಲ್ಲಿ ಅವರವರೇ ಸೀಸ ಕರಗಿಸಿ ಗುಂಡು ಎರೆದುಕೊಳ್ಳಬೇಕು. ಒಬ್ಬನದು ಮುಗಿದರೆ ಪಕ್ಕದವನದು ಆಗದು. ಮಳೆಯಲ್ಲಿ ಬಟ್ಟಲಿನ ಮದ್ದು ತೇವವಾದರೆ ಚಕಮಕಿ ಕಿಡಿ ಹಾರಿಸಿದರೂ ಎರಡು ಬಗೆಯ ಬಂದೂಕೂ ಸಿಡಿಯುವುದಿಲ್ಲ.

ಶಿಸ್ತಿನದು ಇನ್ನೊಂದು ಪಾಡು. ಜನರೇ ಆರಿಸಿದ ಕ್ಯಾಪ್ಟನ್ ಅವರ ಮೇಲೆ ಜೋರು ಮಾಡುವುದೆಷ್ಟು? ಹುಡುಗರು ಅಧಿಕಾರಿಗಳ ಸಾರಾಯಿಗೆ ಕೈಹಾಕಿ ಕುಡಿದು ಬಿದ್ದಾಗ ಶಿಕ್ಷೆಯಾದದ್ದು ಲಿಂಕನ್‌ಗೆ. ಎರಡು ದಿನ ಮರದ ಕತ್ತಿ ಕಟ್ಟಿಕೊಂಡು ತಿರುಗಬೇಕಾಯಿತು.

ತುಕಡಿಯನ್ನು ಮುರಿದದ್ದು ಮಾತ್ರ ಹಸಿವು. ಲಿಂಕನ್‌ನ ತುಕಡಿಯಿದ್ದ ದಂಡಿನ ಜನರಲ್ ಸ್ಯಾಮ್ಯುಯೆಲ್ ವೈಟ್‌ಸೈಡ್ ವೇಗವಾಗಿ ಸಾಗಬೇಕೆಂದು ಸಾಮಾನಿನ ಗಾಡಿಗಳನ್ನು ಹಿಂದೆಯೇ ಬಿಟ್ಟು ರಾಕ್ ನದಿಯ ದೋಣಿಗಟ್ಟೆ ಡಿಕ್ಸನ್ಸ್ ಫೆರಿಗೆ ನಡೆದ. ದಿನಸಿ ಹೊತ್ತ ದೋಣಿಗಳು ರಾಕ್ ನದಿಯ ಸೆಳೆತಕ್ಕೆ ಎದುರಾಗಿ ನಿಧಾನವಾಗಿ ಬರುತ್ತಿದ್ದವು. ಅಷ್ಟರಲ್ಲಿ, ಮೇ 14ರಂದು, ಮುಂದೆ ಹೋಗಿದ್ದ ಮೇಜರ್ ಸ್ಟಿಲ್‌ಮನ್‌ನ ಸುಮಾರು 275 ಸ್ವಯಂಸೇವಕರ ಬಳಿಗೆ ಬ್ಲ್ಯಾಕ್ ಹಾಕ್ ಬಿಳಿ ಬಾವುಟ ಹಿಡಿಸಿ ಮೂವರನ್ನು ಕಳಿಸಿದ್ದ. ದೂರದಲ್ಲಿ ಇನ್ನಷ್ಟು ಸಾಕ್ ಜನ ಕಂಡದ್ದೇ ತಡ, ಸ್ವಯಂಸೇವಕರು ಗುಂಡು ಹಾರಿಸಿದರು. ತಿರುಗೇಟು ಬಿದ್ದಾಗ ದಿಕ್ಕಾಪಾಲಾಗಿ ಓಡಿದರು. ಸ್ಟಿಲ್‌ಮನ್ ಕಡೆ 12 ಮಂದಿ ಸತ್ತರು. ಸಂಧಾನಕ್ಕಿದ್ದ ದಾರಿ ಅಲ್ಲಿಗೆ ಮುಚ್ಚಿತು.

ಮರುದಿನ ಹೆಣ ಹೂಳಲು ಹೋದ ವೈಟ್‌ಸೈಡ್‌ನ ಜನರ ಹೊಟ್ಟೆಗೆ ಏನೂ ಇರಲಿಲ್ಲ. ದೋಣಿಗಟ್ಟೆಯ ಒಡೆಯ ಡಿಕ್ಸನ್‌ನ ದನಗಳನ್ನೇ ಕಡಿದು ತಿಂದರು. ಒಪ್ಪಿದ್ದ 30 ದಿನ ಮುಗಿಯುತ್ತ ಬಂದಿತ್ತು, ಊರಲ್ಲಿ ಹೊಲ ಪಾಳು ಬಿದ್ದಿತ್ತು. ಗವರ್ನರ್ ಕೇಳಿಕೊಂಡರೂ ಹೆಚ್ಚಿನವರು ನಿಲ್ಲಲಿಲ್ಲ. ಮೇ 27ರಂದು ಒಟ್ಟಾವಾದಲ್ಲಿ ತುಕಡಿ ಕರಗಿತು.

ಲಿಂಕನ್ ಮತ್ತೆ ಸಾಮಾನ್ಯ ಸಿಪಾಯಿಯಾಗಿ ಬೇರೆ ತುಕಡಿಗಳಿಗೆ ಸೇರಿ ಜುಲೈ 10ರವರೆಗೆ ಉಳಿದ. ಒಂದು ಕಾಳಗವನ್ನೂ ಕಾಣಲಿಲ್ಲ. ಆಗಸ್ಟ್ 2ರಂದು ಬ್ಯಾಡ್ ಆಕ್ಸ್‌ನಲ್ಲಿ ಮಿಸಿಸಿಪ್ಪಿ ದಾಟಿ ಹಿಂದಿರುಗಲು ಹೆಣಗುತ್ತಿದ್ದ ಸಾಕ್ ಕುಟುಂಬಗಳನ್ನು ಸೈನ್ಯ ಕೊಂದುಹಾಕಿತು.

ಈ ಸೇವೆಗಾಗಿ ಸರ್ಕಾರ ಲಿಂಕನ್‌ಗೆ ಮುಂದೆ 160 ಎಕರೆ ನೆಲ ಕೊಟ್ಟಿತು. ಅದರಲ್ಲಿ 40 ಎಕರೆ ಐಯೋವಾದ ಟಾಮಾ ಕೌಂಟಿಯಲ್ಲಿತ್ತು. ಸಾಕ್‌ರ ನಂಟಿನವರಾದ ಮೆಸ್ಕ್ವಾಕಿಗಳು ಅದೇ ಕೌಂಟಿಯಲ್ಲಿ 1857ರಲ್ಲಿ 80 ಎಕರೆ ಪಡೆದರು, ಅದೂ ಸ್ವಂತ ದುಡ್ಡು ಕೊಟ್ಟು.